ತಪ್ಪು ಒಪ್ಪಿಕೊಳ್ಳುವ ಪಂದ್ಯ

ಮಳೆ ಬಿತ್ತೆಂದರೆ ನಮ್ಮ ಪುಣಜನೂರಿನ ಮಕ್ಕಳಿಗೆ ಕಾಗದದ ದೋಣಿ ಪಂದ್ಯ. ಪಂದ್ಯ ಐದು ನಿಮಿಷ, ಜಗಳ ಅರ್ಧ ಗಂಟೆ! ಕಳೆದ ಮಳೆಗಾಲದಲ್ಲಿ ಅಕ್ಕನ ಮಗನೂ ಅವನ ಗೆಳೆಯನೂ ಮಾತನ್ನೇ ಬಿಟ್ಟಿದ್ದರು.

ಬೆಂಗಳೂರಿನ ಹಲಸೂರು ಕೆರೆಯಲ್ಲಿ ಹಾಯಿದೋಣಿಗಳನ್ನು ಕಂಡಾಗ ನನಗೊಂದು ಕುತೂಹಲ. ಇಷ್ಟು ದೊಡ್ಡ ನೀರಿನಲ್ಲಿ ಯಾರ ತಪ್ಪನ್ನು ಯಾರು ನೋಡುತ್ತಾರೆ? ನಿಯಮ ಓದಿದಾಗ ಬೆರಗಾಯಿತು. ಅಲ್ಲಿ ತಪ್ಪು ಮಾಡಿದವರೇ ದಂಡ ತೆರುತ್ತಾರೆ!

ಎದುರುಬದುರಾದಾಗ, ಬಲಗಡೆಯಿಂದ ಗಾಳಿ ಪಡೆಯುವ ದೋಣಿಗೆ ಮೊದಲ ದಾರಿ. ಅದಕ್ಕೆ ಅಡ್ಡ ಬಂದವರು ಪಕ್ಕಕ್ಕೆ ಸರಿದು ಎರಡು ಸುತ್ತು ತಿರುಗಬೇಕು. ನೀರಿನಲ್ಲಿ ತೇಲುವ ಗುರುತಿಗೆ ದೋಣಿ ತಾಗಿದರೆ ಒಂದು ಸುತ್ತು. ಸಂಕೇತಕ್ಕೆ ಮೊದಲೇ ಗೆರೆ ದಾಟಿದವರು ಹಿಂದಿರುಗಿ ಮತ್ತೆ ಹೊರಡಬೇಕು.

ಅಂಕದ ಲೆಕ್ಕವೂ ತಮಾಷೆ. ಮೊದಲಿಗರಿಗೆ 1, ಎರಡನೆಯವರಿಗೆ 2. ಒಟ್ಟು ಕಡಿಮೆ ಇದ್ದವರೇ ಗೆದ್ದವರು. ಹಲವು ಸುತ್ತುಗಳಿದ್ದರೆ ಸಾಮಾನ್ಯವಾಗಿ ಅತಿ ಕೆಟ್ಟ ಒಂದನ್ನು ಬಿಡುತ್ತಾರೆ. ಒಮ್ಮೆ ಎಡವಿದವರಿಗೂ ಆಸೆ ಉಳಿಯುತ್ತದೆ.

15 ವರ್ಷದವರೆಗಿನವರಿಗೆ ‘ಆಪ್ಟಿಮಿಸ್ಟ್’ ಎಂಬ ಪುಟ್ಟ ದೋಣಿಯಿದೆ. 1947ರಲ್ಲಿ ಅಮೆರಿಕದ ಕ್ಲಾರ್ಕ್ ಮಿಲ್ಸ್ ರೂಪಿಸಿದ್ದು. ಎಲ್ಲರದೂ ಒಂದೇ ಅಳತೆ. ಹಾಗಾಗಿ ಗೆಲ್ಲುವುದು ದುಡ್ಡಲ್ಲ, ಕೈಚಳಕ.

ಊರಿಗೆ ಬಂದು ನಾವೂ ನಿಯಮ ಮಾಡಿದೆವು: ಎಲ್ಲರಿಗೂ ಒಂದೇ ಅಳತೆಯ ಕಾಗದ, ಐದು ಸುತ್ತು. ದೋಣಿಯನ್ನು ಕಡ್ಡಿಯಿಂದ ತಳ್ಳಿದವರು ತಾವೇ ಹೇಳಿ ಮತ್ತೆ ಮೊದಲಿನಿಂದ ಬಿಡಬೇಕು.

ಮೂರನೇ ಸುತ್ತಿನಲ್ಲಿ ಅಕ್ಕನ ಮಗನ ದೋಣಿ ಮುಂದಿತ್ತು. ಥಟ್ಟನೆ ಅದನ್ನು ಎತ್ತಿಕೊಂಡ.

“ನಾನೇ ತಳ್ಬುಟ್ಟೆ ಮಾವ.”

ಆ ಸುತ್ತು ಅವನು ಸೋತ. ಗೆಳೆಯ ಬಂದು ಹೆಗಲ ಮೇಲೆ ಕೈ ಹಾಕಿದ.