ಎತ್ತಿನ ಮನೆಯ ಜಗಲಿಯಿಂದ ಕಂಡ ಊರು

ಚುನಾವಣೆ ಬಂತೆಂದರೆ ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣದ ಹೋಟೆಲುಗಳಲ್ಲಿ ‘ವೋಟ್ ಬ್ಯಾಂಕ್’ ಎನ್ನದೆ ಮಾತು ಮುಗಿಯುವುದಿಲ್ಲ. 1955ರ ಲೇಖನವೊಂದರಲ್ಲಿ ಈ ಮಾತನ್ನು ಸಮಾಜಶಾಸ್ತ್ರಕ್ಕೆ ತಂದವರು ಮೈಸೂರಿನ ಎಂ.ಎನ್. ಶ್ರೀನಿವಾಸ್. ಅದರ ಬೇರು ಇರುವುದು ಒಂದು ಹಳ್ಳಿಯ ಜಗಲಿಯಲ್ಲಿ.

ಹಳೇ ಮೈಸೂರಿನ ಜನಜೀವನವನ್ನು ದಾಖಲಿಸುವ ಕೆಲಸ ಅದಕ್ಕೂ ಮೊದಲೇ ನಡೆದಿತ್ತು. 1800–01ರಲ್ಲಿ ಫ್ರಾನ್ಸಿಸ್ ಬುಕನನ್ ಊರೂರು ಸುತ್ತಿ ಬೆಳೆ, ಕಸುಬು, ಜಾತಿಗಳನ್ನು ಬರೆದುಕೊಂಡ. ಎಚ್.ವಿ. ನಂಜುಂಡಯ್ಯ ಒಂದೊಂದೇ ಜಾತಿಯ ಮದುವೆ, ಸಾವು, ದೇವರುಗಳ ವಿವರ ಕೂಡಿಸಿದರು. ಅಮೂಲ್ಯ ಕೆಲಸಗಳೇ. ಆದರೆ ಅಕ್ಕಪಕ್ಕದ ಮನೆಯವರು ದಿನವೂ ಹೇಗೆ ಬಾಳುತ್ತಾರೆ, ಯಾರ ಮಾತು ನಡೆಯುತ್ತದೆ ಎಂಬುದು ಅವುಗಳಲ್ಲಿ ಅಷ್ಟಾಗಿ ಸಿಗದು.

ಅದಕ್ಕೆ ಊರಲ್ಲೇ ಇರಬೇಕು. ಆಕ್ಸ್‌ಫರ್ಡ್‌ನಲ್ಲಿ ಅಧ್ಯಾಪಕರಾಗಿ ನೇಮಕಗೊಂಡ ಶ್ರೀನಿವಾಸ್ ಮೊದಲ ವರ್ಷವನ್ನು ಕ್ಷೇತ್ರಕಾರ್ಯಕ್ಕೆ ಪಡೆದು, 1948ರಲ್ಲಿ ಮೈಸೂರು ಸೀಮೆಯ ಕೊಡಗಹಳ್ಳಿಗೆ ಬಂದರು; ಬರಹದಲ್ಲಿ ಅದಕ್ಕೆ ‘ರಾಂಪುರ’ ಎಂಬ ಹೆಸರು ಕೊಟ್ಟರು. ಬಿಡಾರ, ಪಟೇಲರ ಎತ್ತು ಕಟ್ಟುತ್ತಿದ್ದ ಮನೆ. ಅದರ ಜಗಲಿಗೆ ವ್ಯಾಜ್ಯ, ಸಾಲ, ಗೇಣಿ, ಮದುವೆ ಎಲ್ಲವೂ ತಾವಾಗಿಯೇ ಬರುತ್ತಿದ್ದವು. ಗ್ರಂಥಗಳ ಪ್ರಕಾರ ಬ್ರಾಹ್ಮಣರೇ ಮೇಲು. ಊರಲ್ಲಿ ಮಾತ್ರ ಹೊಲಗದ್ದೆಯೂ ಜನಬಲವೂ ಇದ್ದ ಒಕ್ಕಲಿಗರದೇ ತೀರ್ಮಾನ. ‘ಪ್ರಬಲ ಜಾತಿ’ ಎಂಬ ಪರಿಕಲ್ಪನೆಗೆ ರೂಪ ಕೊಟ್ಟದ್ದು ಇಂಥ ನೋಟವೇ. ಪ್ರಶ್ನಾವಳಿ ಹಿಡಿದು ಬಾಗಿಲು ತಟ್ಟಿದ್ದರೆ ಇದು ಕೈಗೆ ಸಿಗುತ್ತಿತ್ತೇ?

1970ರ ಏಪ್ರಿಲ್ 24ರಂದು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ದುಷ್ಕರ್ಮಿಗಳು ಹಚ್ಚಿದ ಬೆಂಕಿಗೆ, ವರ್ಷಗಟ್ಟಲೆ ಶ್ರೀನಿವಾಸ್ ಸಂಸ್ಕರಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಆಹುತಿಯಾದವು. ಮೂಲ ಟಿಪ್ಪಣಿ ದೆಹಲಿಯಲ್ಲಿ ಉಳಿದಿತ್ತು. ಆದರೂ ನೆನಪನ್ನೇ ನೆಚ್ಚಿ ಬರೆಯಲು ಕೂತರು. 1976ರಲ್ಲಿ ‘ದಿ ರಿಮೆಂಬರ್ಡ್ ವಿಲೇಜ್’ ಹೊರಬಂತು. ಕಣ್ಣಾರೆ ಕಂಡದ್ದು ಎಷ್ಟು ಆಳಕ್ಕೆ ಇಳಿದಿರುತ್ತದೆ ಎಂಬುದಕ್ಕೆ ಆ ಪುಸ್ತಕವೇ ಸಾಕ್ಷಿ.

ಪಟೇಲರ ಜಗಲಿಯಿಂದ ಹೆಂಗಸರ ಲೋಕವೂ ದಲಿತರ ಕೇರಿಯೂ ಅರೆಬರೆಯಾಗಿಯೇ ಕಂಡವು. ಮೇಲ್ಜಾತಿಯ ಗಂಡಸರ ಒಡನಾಟದಲ್ಲೇ ತಾನು ಹೆಚ್ಚು ಇದ್ದೆನೆಂದು ಶ್ರೀನಿವಾಸ್ ಒಪ್ಪಿಕೊಂಡರು. ಈ ಪ್ರಾಮಾಣಿಕತೆಯೂ ವಿಧಾನದ ಭಾಗವೇ.

ಹಾಸನ, ಅರಕಲಗೂಡಿನ ಕಾಲೇಜುಗಳಲ್ಲಿ ಸಮಾಜಶಾಸ್ತ್ರ ಓದುವ ಮಕ್ಕಳು ಗೂಗಲ್ ಫಾರ್ಮ್ ಕಳಿಸುವ ಮೊದಲು ಆಲೂಗಡ್ಡೆ ಹರಾಜಿನ ಕಟ್ಟೆಯಲ್ಲೋ, ಬೆಳಗಿನ ಹಾಲಿನ ಡೇರಿಯ ಮುಂದೋ ನಾಲ್ಕಾರು ದಿನ ಕೂರಲಿ. ಟಿಪ್ಪಣಿಯ ಮೊದಲ ಸಾಲಿನಲ್ಲಿ ತಾವು ಯಾರ ಪಕ್ಕ ಕೂತಿದ್ದೆವು ಎಂಬುದನ್ನೂ ಬರೆದಿಡಲಿ.