ಸೆಂಟು ಕೊಳ್ಳುವ ಮುನ್ನ ಅರ್ಧ ಗಂಟೆ ಕಾಯಿರಿ

ಇಲ್ಲಿನ ಕನ್ನಡಿಗರು ಊರಿಗೆ ಹೊರಟರೆಂದರೆ ಸೂಟ್‌ಕೇಸಿನಲ್ಲಿ ಖರ್ಜೂರ, ಬಾದಾಮಿಯ ಜೊತೆ ಒಂದೆರಡು ಸೆಂಟಿನ ಬಾಟಲಿ ಇರಲೇಬೇಕು. ಮಾವನಿಗೊಂದು, ಭಾವನಿಗೊಂದು, ಅಮ್ಮನಿಗೆ ಪುಟ್ಟದೊಂದು ಅತ್ತರು. ಅಂಗಡಿಯಲ್ಲಿ ಕಾಗದದ ಪಟ್ಟಿಗೆ ಸಿಂಪಡಿಸಿ ಕೊಟ್ಟಾಗ ಘಮ್ಮೆಂದದ್ದು, ಮನೆಗೆ ತಂದು ಮೈಗೆ ಹಾಕಿಕೊಂಡರೆ ಬೇರೆಯೇ ವಾಸನೆ! "ಅಂಗಡಿಯವನು ಟೋಪಿ ಹಾಕಿದ" ಎಂದು ಬೈಯುತ್ತೇವೆ. ಎಷ್ಟೋ ಸಲ ಪಾಪ, ಅವನ ತಪ್ಪೇನೂ ಇರುವುದಿಲ್ಲ.

ನಾನು ಸಾಫ್ಟ್‌ವೇರ್ ಮನುಷ್ಯ. ಕೆಮಿಸ್ಟ್ರಿ ಓದಿದ್ದು ಇಂಜಿನಿಯರಿಂಗ್ ಮೊದಲ ವರ್ಷದಲ್ಲಿ ಮಾತ್ರ. ಆದರೂ ಈ ಸಂಗತಿಯನ್ನು ಅರ್ಥ ಮಾಡಿಕೊಳ್ಳಲು ಅಷ್ಟು ಸಾಕು. ಉದಾಹರಣೆಗೆ ಮರ, ಪಾಚಿ, ಉಪ್ಪು ಈ ಮೂರೂ ಸೇರಿದ ಸೆಂಟುಗಳನ್ನೇ ತೆಗೆದುಕೊಳ್ಳೋಣ. ಕಾಗದದ ಮೇಲೆ ನಮ್ಮನ್ನು ಅತಿ ಹೆಚ್ಚು ಏಮಾರಿಸುವುದು ಇವೇ.

ಮೊದಲು ಹಾರುವುದು, ಕೊನೆಗೆ ಉಳಿಯುವುದು

ವಾಸನೆ ಎಂದರೆ ಆವಿಯಾಗಿ ಮೂಗಿಗೆ ತಲುಪಿದ ಅಣುಗಳು, ಅಷ್ಟೆ. ಒದ್ದೆ ಬಟ್ಟೆ ಕುದಿಯದೆಯೇ ಒಣಗುವಂತೆ ಸೆಂಟೂ ಆವಿಯಾಗುತ್ತದೆ. ಆದರೆ ಅದರೊಳಗಿನ ಎಲ್ಲ ಅಣುಗಳೂ ಒಂದೇ ವೇಗದಲ್ಲಿ ಹೋಗುವುದಿಲ್ಲ. ನಿಂಬೆ, ಕಿತ್ತಳೆ ಸಿಪ್ಪೆಯಲ್ಲಿರುವ ಲಿಮೋನೀನ್ ಹಗುರ, ಅದರ ಅಣುತೂಕ 136. ಗಂಧದೆಣ್ಣೆಯ ಸ್ಯಾಂಟಲಾಲ್ ಭಾರ, 220. ಲಿಮೋನೀನ್ ಕುದಿಯುವುದು ಸುಮಾರು 176 ಡಿಗ್ರಿಯಲ್ಲಿ, ಸ್ಯಾಂಟಲಾಲ್ 300 ಡಿಗ್ರಿ ದಾಟಿದ ಮೇಲೆ. ಆದ್ದರಿಂದ ನಿಂಬೆ ಕೆಲವೇ ನಿಮಿಷಗಳಲ್ಲಿ ಪರಾರಿ, ಗಂಧ ಗಂಟೆಗಟ್ಟಲೆ ಹಾಜರ್.

ಅಂಗಡಿಯ ಎ.ಸಿ. ತಣ್ಣಗಿರುತ್ತದೆ, ಕಾಗದವೂ ತಣ್ಣಗಿರುತ್ತದೆ. ನಮ್ಮ ಚರ್ಮ ಸುಮಾರು 32ರಿಂದ 34 ಡಿಗ್ರಿ ಬಿಸಿ, ಮೇಲೆ ಬೆವರು, ಜಿಡ್ಡು. ಹಾಗಾಗಿ ಕಾಗದದ ಮೇಲೆ ಮೆಲ್ಲನೆ ನಡೆಯುವ ಸಿನಿಮಾ ಮೈಮೇಲೆ ಬೇಗ ಬೇಗ ಓಡುತ್ತದೆ. ಅಂಗಡಿಯಲ್ಲಿ ನಾವು ನೋಡುವುದು ಟೈಟಲ್ ಕಾರ್ಡ್ ಮಾತ್ರ!

ಮರ

ಮರದ ವಾಸನೆ ನಮಗೆ ಹೊಸದಲ್ಲ. ಸಾಣೆಕಲ್ಲಿನ ಮೇಲೆ ತೇಯ್ದ ಗಂಧ ಹಣೆಯಲ್ಲಿ ಒಣಗಿದ ಮೇಲೂ ಸಂಜೆಯ ತನಕ ಮೆಲ್ಲಗೆ ಕಂಪು ಬೀರುವುದನ್ನು ನೆನಪಿಸಿಕೊಳ್ಳಿ. ಮೊದಲ ಮಹಾಯುದ್ಧದಿಂದಾಗಿ ಗಂಧದ ಕೊರಡು ಯೂರೋಪಿಗೆ ಹೋಗುವುದು ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ, ನಮ್ಮಲ್ಲೇ ಗಂಧದೆಣ್ಣೆ ತೆಗೆಯುವ ಸರ್ಕಾರಿ ಉದ್ಯಮ ಶುರುವಾಯಿತು. ಇಂದು ಆ ಎಣ್ಣೆ ಬಲು ದುಬಾರಿ. ಸ್ಯಾಂಡಲೋರ್, ಜಾವನಾಲ್ ಮುಂತಾದ ಕೃತಕ ವಸ್ತುಗಳೇ ಹಲವು ಸೆಂಟುಗಳಲ್ಲಿ ಗಂಧದ ಕೆಲಸ ಮಾಡುತ್ತವೆ. ಆಸ್ಟ್ರೇಲಿಯಾದಲ್ಲೂ ನಮ್ಮ ಶ್ರೀಗಂಧದ ಜಾತಿಯ ತೋಟಗಳಿವೆ. ಡಬ್ಬದ ಮೇಲೆ 'ಮೈಸೂರು' ಎಂದಿದ್ದ ಮಾತ್ರಕ್ಕೆ ದಿರ್ಹಮ್ ಎಣಿಸಬೇಡಿ.

ಇಲ್ಲಿನವರ ಅಚ್ಚುಮೆಚ್ಚಿನ ಊದ್ ಎಂದರೆ ನಮ್ಮ ಅಗರು. ಆರೋಗ್ಯವಾಗಿರುವ ಅಗರು ಮರ ಬೆಳ್ಳಗೆ, ಹೆಚ್ಚುಕಡಿಮೆ ವಾಸನೆಯೇ ಇಲ್ಲ. ಗಾಯವಾಗಿ ಶಿಲೀಂಧ್ರ ತಗುಲಿದಾಗ ಮರ ತನ್ನ ರಕ್ಷಣೆಗೆ ಸುರಿಸುವ ಅಂಟೇ ಆ ಕಂಪಿನ ಮೂಲ.

ಪಾಚಿ

ಸೆಂಟಿನವರು 'ಓಕ್‌ಮಾಸ್' ಎನ್ನುವುದು ನಿಜಕ್ಕೂ ಪಾಚಿಯಲ್ಲ, ಕಲ್ಲುಹೂವಿನ ಬಳಗದ್ದು. ಹೌದು, ಬಿಸಿಬೇಳೆಬಾತ್ ಪುಡಿಗೆ, ಬಿರಿಯಾನಿಗೆ ಹಾಕುವ ಅದೇ ಕಲ್ಲುಹೂವು! ಡಬ್ಬಿಯಲ್ಲಿ ಒಣಗಿ ಕೂತಾಗ ಅದಕ್ಕೆ ಹೇಳಿಕೊಳ್ಳುವಂಥ ವಾಸನೆಯಿಲ್ಲ, ಬಿಸಿ ಎಣ್ಣೆಗೆ ಬಿದ್ದಾಗ ಅಡುಗೆಮನೆಯೇ ಘಮಘಮ. ಓಕ್‌ಮಾಸ್ ಕೂಡ ಹಾಗೆಯೇ, ಬೆಚ್ಚಗಿನ ಚರ್ಮದ ಮೇಲೆ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ಮಳೆ ನಿಂತ ಮಲೆನಾಡಿನಲ್ಲಿ ಒದ್ದೆ ತೊಗಟೆಗೆ ಮೂಗು ಹಚ್ಚಿದಂತೆ, ತುಸು ಕಹಿ, ತುಸು ಮಣ್ಣು.

1917ರಲ್ಲಿ ಫ್ರಾನ್ಸಿನ ಫ್ರಾಂಸ್ವಾ ಕೋಟಿ 'ಶೀಪ್ರ್' ಎಂಬ ಸೆಂಟು ತಂದ ಮೇಲೆ ಈ ಬಗೆಯ ಸೆಂಟುಗಳಿಗೆಲ್ಲ ಅದೇ ಹೆಸರು ನಿಂತಿತು. ಆದರೆ ಓಕ್‌ಮಾಸ್‌ನಲ್ಲಿರುವ ಅಟ್ರನಾಲ್, ಕ್ಲೋರೋಅಟ್ರನಾಲ್ ಕೆಲವರ ಚರ್ಮಕ್ಕೆ ಅಲರ್ಜಿ. ಯೂರೋಪಿಯನ್ ಒಕ್ಕೂಟ 2017ರಲ್ಲಿ ನಿಯಮ ಮಾಡಿ, 2019ರಿಂದ ಇವಿರುವ ಹೊಸ ಸರಕನ್ನು ಮಾರುಕಟ್ಟೆಗೆ ಬಿಡದಂತೆ ತಡೆಯಿತು. "ಅಪ್ಪ ಹಾಕುತ್ತಿದ್ದ ಸೆಂಟು ಈಗ ಹಾಗಿಲ್ಲ" ಎನ್ನುವವರ ಮಾತಿನಲ್ಲಿ ಹುರುಳಿರಬಹುದು!

ಉಪ್ಪು

ಮನೆಯ ಉಪ್ಪನ್ನು ಮೂಸಿ ನೋಡಿ. ವಾಸನೆಯೇ ಇಲ್ಲ, ಏಕೆಂದರೆ ಉಪ್ಪು ಆವಿಯಾಗುವುದಿಲ್ಲ. 'ಉಪ್ಪಿನ ವಾಸನೆ' ಎಂಬುದು ಮನಸ್ಸು ಕಟ್ಟಿಕೊಂಡ ಲೆಕ್ಕ. ಮಲ್ಪೆಯ ದಡದಲ್ಲೋ, ಅಬುಧಾಬಿಯ ಜುಬೈಲ್ ಕಾಂಡ್ಲಾ ವನದಲ್ಲೋ ಮೂಗಿಗೆ ಬಡಿಯುವುದು ಕಡಲಿನ ಸೂಕ್ಷ್ಮಜೀವಿ, ಪಾಚಿಗಳಿಂದ ಬರುವ ಡೈಮೀಥೈಲ್ ಸಲ್ಫೈಡ್‌ನಂಥ ಅನಿಲಗಳು. ಸೆಂಟಿನಲ್ಲಿ ಆ ಭಾವ ತರಲು 1966ರಲ್ಲಿ ಫೈಜರ್ ಕಂಪನಿಯವರು ಕಂಡುಹಿಡಿದ ಕ್ಯಾಲೋನ್, ಮತ್ತು ಆಂಬ್ರಾಕ್ಸನ್ ಬಳಸುತ್ತಾರೆ. ಆಂಬ್ರಾಕ್ಸನ್ ಎಂಬುದು ಅಂಬರ್‌ಗ್ರಿಸ್ ವಾಸನೆಯ ಬದಲಿ, ಇದನ್ನು ಗಿಡದ ಮೂಲದಿಂದ ತಯಾರಿಸುತ್ತಾರೆ. ಪತ್ರಿಕೆಗಳು 'ತಿಮಿಂಗಿಲದ ವಾಂತಿ' ಎಂದು ಕರೆಯುವ ಆ ಅಂಬರ್‌ಗ್ರಿಸ್ ಹುಟ್ಟುವುದು ಸ್ಪರ್ಮ್ ತಿಮಿಂಗಿಲದ ಕರುಳಿನಲ್ಲಿ. ಯಾರಾದರೂ ಅದರ ಗಟ್ಟಿ ಕೊಟ್ಟರೆ ಊರಿಗೆ ಒಯ್ಯಬೇಡಿ. ಭಾರತದ 1972ರ ವನ್ಯಜೀವಿ ಕಾಯ್ದೆಯಡಿ ಅದು ಅಪರಾಧ.

ಮೈಮೇಲೆ ಮೊದಲ ಹತ್ತು ನಿಮಿಷ ನಿಂಬೆಯ ಚುರುಕು, ಅರ್ಧ ಗಂಟೆಗೆ ಒದ್ದೆ ತೊಗಟೆ, ಎರಡು ಗಂಟೆಯ ನಂತರ ಒಣ ಮರ. ಜೊತೆಗೆ ಕಡಲಗಾಳಿಗೆ ಬೆವರು ಆರಿದ ಚರ್ಮದ ಹಾಗೆ ಏನೋ ಒಂದು. ಈ ಕೊನೆಯದು ಎಲ್ಲಿ ಸೆಂಟು, ಎಲ್ಲಿ ನಾವು ಎಂದು ಬಿಡಿಸಲಾಗದಷ್ಟು ಬೆರೆತಿರುತ್ತದೆ. ಅದನ್ನು ಕಾಗದ ತೋರಿಸಲಾರದು.

ಹಾಗಾದರೆ ಕೊಳ್ಳುವುದು ಹೇಗೆ?

ದೇರಾದ ಗೋಲ್ಡ್ ಸೂಕ್ ಪಕ್ಕ, ಸಿಕ್ಕತ್ ಅಲ್ ಖೈಲ್ ರಸ್ತೆಯ ಸೆಂಟಿನ ಸಾಲಿಗೆ ಹೋದರೆ ಒಂದು ಕೈಗೆ ಒಂದೇ ಸೆಂಟು ಹಾಕಿಸಿ, ಎರಡು ಕೈಗೆ ಎರಡು, ಸಾಕು. ತಿಕ್ಕಬೇಡಿ, ಬೇಗ ಹಾರಿಹೋಗುತ್ತದೆ. ದುಡ್ಡು ಕೊಡದೆ ಹೊರಗೆ ಬನ್ನಿ. ಅಬ್ರಾದಲ್ಲಿ ಕ್ರೀಕ್ ದಾಟಿ ವಾಪಸ್ ಬಂದರೆ ಅರ್ಧ ಗಂಟೆ ತಾನಾಗಿ ಕಳೆಯುತ್ತದೆ. ಆಗ ಮೂಸಿ ನೋಡಿ, ಜೊತೆಯವರಿಗೂ ಮೂಸಲು ಕೊಡಿ. ಇಂಥ ಭಾರದ ಅಣುಗಳಲ್ಲಿ ಕೆಲವು ಕೆಲವರ ಮೂಗಿಗೆ ಗೊತ್ತೇ ಆಗುವುದಿಲ್ಲ.

ಉಡುಗೊರೆಗಾದರೆ ದೊಡ್ಡ ಬಾಟಲಿ ಬೇಡ. ಅಮ್ಮನ ಚರ್ಮ ಬೇರೆ, ಊರಿನ ಹವೆ ಬೇರೆ. ಕಾಲು ತೊಲ, ಅಂದರೆ ಸುಮಾರು 3 ಮಿ.ಲೀ., ಅತ್ತರು ಒಯ್ದು ಮೊದಲು ಅವರ ಮುಂಗೈಗೆ ಒಂದು ಚುಕ್ಕಿ ಹಚ್ಚಿ. ಕೆಂಪಾದರೆ, ತುರಿಸಿದರೆ ಅಲ್ಲಿಗೇ ಬಿಟ್ಟುಬಿಡಿ. ಇಲ್ಲವಾದರೆ ಕಾಫಿ ಕುಡಿಯುತ್ತ ಅರ್ಧ ಗಂಟೆ ಮಾತಾಡಿ, ಆಮೇಲೆ ಕೇಳಿ. ಅವರಿಗೆ ಹಿಡಿಸಿದರೆ ಮುಂದಿನ ಸಲ ಪೂರ್ತಿ ತೊಲ ಒಯ್ದರಾಯಿತು.

ಪ್ರಯೋಗ ಮಾಡಿ ನೋಡಿ. ನಿಮ್ಮ ಮೂಗು ಏನು ಹೇಳಿತೆಂದು ಬರೆದು ತಿಳಿಸಿ.