ಗುಂಡು ಹಾರಿದ ಕ್ಷಣಕ್ಕೆ ಫೋಟೊ ಇಲ್ಲ

ಜನವರಿ 30 ಬಂತೆಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಿಗೂ ಒಂದು ಕಪ್ಪು-ಬಿಳುಪು ಚಿತ್ರ ಬಂದು ಬೀಳುತ್ತದೆ. ಗಾಂಧೀಜಿಯ ಎದುರು ಪಿಸ್ತೂಲು ಹಿಡಿದ ಗೋಡ್ಸೆ. ‘ಅಪರೂಪದ ಫೋಟೊ, ಎಲ್ಲರಿಗೂ ಕಳಿಸಿ’ ಎಂಬ ಒಕ್ಕಣೆ ಬೇರೆ. ಕೆಲವರು ಫ್ರೆಂಚ್ ಛಾಯಾಗ್ರಾಹಕ ಆನ್ರಿ ಕಾರ್ತಿಯೇ-ಬ್ರೆಸೋನ್ ಹೆಸರನ್ನೂ ಅಂಟಿಸಿರುತ್ತಾರೆ. ಅಸಲಿಗೆ ಅದು 1963ರ ‘ನೈನ್ ಅವರ್ಸ್ ಟು ರಾಮ’ ಸಿನಿಮಾದ ದೃಶ್ಯ. ಪಿಸ್ತೂಲು ಹಿಡಿದವನು ಜರ್ಮನ್ ನಟ ಹೊರ್ಸ್ಟ್ ಬುಕ್‌ಹೋಲ್ಜ್.

ಹೆಸರು ಗೊತ್ತಿಲ್ಲದಿದ್ದರೂ ಅನುಮಾನ ಬರಬೇಕಿತ್ತು. 1948ರ ಆ ಸಂಜೆ ಪಟೇಲರ ಜೊತೆಗಿನ ಮಾತು ಬೆಳೆದು ಪ್ರಾರ್ಥನೆಗೆ ತಡವಾಗಿತ್ತು. ಬಂಧುಗಳಾದ ಮನು, ಆಭಾ ಇಬ್ಬರ ಹೆಗಲ ಮೇಲೆ ಕೈಯಿಟ್ಟು ಗಾಂಧೀಜಿ ಬಿರುಸಾಗಿ ಬಂದರು. ಅಡ್ಡ ಬಂದವನನ್ನು ಮನು ತಡೆದಳು. ಆತ ತಳ್ಳಿದ ರಭಸಕ್ಕೆ ಅವಳ ಕೈಲಿದ್ದ ಜಪಮಾಲೆ, ನೋಟ್‌ಬುಕ್, ಪೀಕದಾನಿ ನೆಲಕ್ಕೆ ಬಿದ್ದವು. ಮೂರು ಗುಂಡು. ಇಷ್ಟು ಗಡಿಬಿಡಿಯಲ್ಲಿ ಹಂತಕ, ಪಿಸ್ತೂಲು, ಗಾಂಧೀಜಿ ಮೂರೂ ಒಂದೇ ಚೌಕಟ್ಟಿನೊಳಗೆ ಅಚ್ಚುಕಟ್ಟಾಗಿ ಕೂರಬೇಕೆಂದರೆ ಮುಂಚೆಯೇ ರಿಹರ್ಸಲ್ ಆಗಿರಬೇಕು.

ಬ್ರೆಸೋನ್ ಆ ದಿನ ಗಾಂಧೀಜಿ ತಂಗಿದ್ದ ಬಿರ್ಲಾ ಭವನಕ್ಕೆ ಹೋಗಿದ್ದು ನಿಜ. ಗಾಂಧೀಜಿಯನ್ನು ಕಂಡು ಹೊರಬಂದಿದ್ದರು. ಸುದ್ದಿ ಕೇಳಿ ಮತ್ತೆ ಓಡಿದರು. ಅವರಿಗೆ ಸಿಕ್ಕ ಚಿತ್ರದಲ್ಲಿ ಕತ್ತಲು, ಗೇಟಿನ ಬಳಿ ನೂಕುನುಗ್ಗಲು, ತಲೆಗಳಿಗಿಂತ ಮೇಲೆ ಸಾವಿನ ಸುದ್ದಿ ಹೇಳುತ್ತಿರುವ ನೆಹರೂ. ದೀಪದ ಬೆಳಕು ಹರಡಿಕೊಂಡಿದೆ, ಮುಖಗಳು ಮಸುಕು. ಸ್ಪರ್ಧೆಗೆ ಕಳಿಸಿದರೆ ಮೊದಲ ಸುತ್ತಿನಲ್ಲೇ ಔಟ್! ಹೆಣವಿಲ್ಲ, ರಕ್ತವಿಲ್ಲ, ಕೊಂದವನೂ ಇಲ್ಲ. ಪ್ರಧಾನಿಗೂ ಜನಕ್ಕೂ ನಡುವೆ ಇರುವುದು ಒಂದು ಗೇಟು. ನನಗೆ ಆ ಮಸುಕೇ ಈ ಚಿತ್ರದ ಸಾಕ್ಷಿ: ಬೆಳಕು ಸಾಲದು, ಜನ ನಿಂತಲ್ಲಿ ನಿಲ್ಲುತ್ತಿಲ್ಲ, ಫ್ಲ್ಯಾಶ್ ಬಳಸಿಲ್ಲ. ಬಳಸಿದ್ದರೆ ಏನಾಗುತ್ತಿತ್ತು ಎನ್ನುವುದಕ್ಕೆ ‘ಲೈಫ್’ ಪತ್ರಿಕೆಯ ಮಾರ್ಗರೆಟ್ ಬರ್ಕ್-ವೈಟ್ ಇದ್ದಾರೆ. ಪಾರ್ಥಿವ ಶರೀರವಿದ್ದ ಕೋಣೆಯಲ್ಲಿ ಫ್ಲ್ಯಾಶ್ ಹೊತ್ತಿಸಿ, ಅಲ್ಲಿದ್ದವರ ಸಿಟ್ಟಿಗೆ ಸಿಕ್ಕಿ ಫಿಲ್ಮ್ ಕಳೆದುಕೊಂಡರು.

ಕೂಡ್ಲಿಗಿಯವರಿಗೆ ಇದು ದೂರದ ದೆಹಲಿಯ ಕಥೆಯಲ್ಲ. ಅಲ್ಲಿನ ಹುತಾತ್ಮರ ಸ್ಮಾರಕದಲ್ಲಿ ಗಾಂಧೀಜಿಯ ಚಿತಾಭಸ್ಮವಿದೆ. ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆಯ ಈ ಸೀಮೆಗೆ ಸುದ್ದಿ ಮುಟ್ಟಿದ್ದು ಹೆಚ್ಚಾಗಿ ಬಾಯಿಂದ ಬಾಯಿಗೆ. ಚಿತ್ರ ನೋಡದೆಯೂ ಜನ ಅತ್ತರು. ಚಿತಾಭಸ್ಮವನ್ನೇ ಊರಲ್ಲಿಟ್ಟುಕೊಂಡ ನಾವು ಬುಕ್‌ಹೋಲ್ಜನ ಪಿಸ್ತೂಲಿಗೆ ಕೈಮುಗಿಯುವ ಇಮೋಜಿ ಹಾಕುತ್ತಿದ್ದೇವೆ.

ಸುಳ್ಳು ಚಿತ್ರ ಹಂಚುವ ಚಾಳಿ ಹಳೆಯದೇ, ವೇಗ ಮಾತ್ರ ಹೊಸದು. 2025ರ ಏಪ್ರಿಲ್ 22ರಂದು ಕಾಶ್ಮೀರದ ಪಹಲ್ಗಾಮ್‌ನಲ್ಲಿ ಉಗ್ರರ ಗುಂಡಿಗೆ 26 ಜನ ಹತರಾದರು. ಗಂಡನ ಶವದ ಪಕ್ಕ ಹುಲ್ಲಿನ ಮೇಲೆ ಕುಳಿತ ನವವಧುವಿನ ಚಿತ್ರ ದೇಶವೆಲ್ಲ ಸುತ್ತಿತು. ಜನಕ್ಕೆ ಅಷ್ಟು ಸಾಲಲಿಲ್ಲ, ಅದರ ಹಿಂದಿನ ಸಂತೋಷವೂ ಬೇಕಾಯಿತು. ಕಾಶ್ಮೀರದಲ್ಲಿ ಕುಣಿಯುತ್ತಿದ್ದ ಬೇರೆ ಯಾವುದೋ ಜೋಡಿಯ ವಿಡಿಯೊವನ್ನು ಅವರ ಕೊನೆಯ ವಿಡಿಯೊ ಎಂದು ಹಂಚಿದರು. ಆ ಜೋಡಿ ಕ್ಯಾಮೆರಾ ಮುಂದೆ ಬಂದು, ನಾವು ಬದುಕಿದ್ದೇವೆ ಎಂದು ಹೇಳಬೇಕಾಯಿತು.